ಜಾತ್ರೆಯ ಪ್ರದರ್ಶನಗಳಿಗೆ ಬರೆದಿಟ್ಟ ನಿಯಮ ಇರಲಿ

ಮಾನ್ಯ ಸಂಪಾದಕರೇ,

ಸುಗ್ಗಿ ಮುಗಿಯುತ್ತಿದ್ದಂತೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಜಾತ್ರೆಗಳ ಸಾಲು ಶುರುವಾಗುತ್ತದೆ. ತೇರು, ಕುಸ್ತಿ, ಬಯಲಾಟಗಳ ಜೊತೆಗೆ ಈಗೀಗ ಎಷ್ಟೋ ಊರುಗಳಲ್ಲಿ ರೈತರು ಬೆಳೆದ ಕಾಯಿಪಲ್ಲೆ, ಕಾಳುಕಡಿ ಮತ್ತು ಹೆಣ್ಣುಮಕ್ಕಳ ಕೈಕೆಲಸದ ಪ್ರದರ್ಶನವೂ ಸೇರಿಕೊಂಡಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ನೋಡಿ ಬಂದವರು ತಮ್ಮೂರಲ್ಲೂ ಅಂಥದ್ದೊಂದು ಆಗಲಿ ಎಂದು ಮುಂದಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಬಹುತೇಕ ಕಡೆ ಯಾವ ವಿಭಾಗಕ್ಕೆ ಎಷ್ಟು ಕಾಯಿ ಇಡಬೇಕು, ಯಾವ ಅಳತೆ, ಏನನ್ನು ನೋಡಿ ಅಂಕ ಕೊಡುತ್ತಾರೆ ಎಂಬುದು ಇಡುವವರಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ನೋಡಿ ತೀರ್ಪು ಕೊಡುವವರಿಗೂ ಗೊತ್ತಿರುವುದಿಲ್ಲ. ಕೊನೆಗೆ ಮೇಜಿನ ಮೇಲೆ ಎದ್ದು ಕಾಣುವ ಭಾರಿ ಕುಂಬಳಕಾಯಿಗೆ ಬಹುಮಾನ ಹೋಗುತ್ತದೆ. ಪಕ್ಕದಲ್ಲೇ ಒಂದೇ ಅಳತೆ, ಒಂದೇ ಬಣ್ಣದ ಐದು ಬದನಿಕಾಯಿ ಜೋಡಿಸಿಟ್ಟ ರೈತ ಬರಿಗೈಲಿ ಮನೆಗೆ ಹೋಗುತ್ತಾನೆ. ಮುಂದಿನ ವರ್ಷ ಅವನು ಬರುವುದಿಲ್ಲ.

ಆದ್ದರಿಂದ ಜಾತ್ರಾ ಕಮಿಟಿಗಳಿಗೆ ನಮ್ಮ ಮೊದಲ ಬೇಡಿಕೆ ಒಂದು ಹಾಳೆ. ವಿಭಾಗಗಳ ಪಟ್ಟಿಯನ್ನು ಪ್ರದರ್ಶನಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ಅಚ್ಚು ಹಾಕಿಸಿ ಪಂಚಾಯಿತಿ, ಸೊಸೈಟಿ, ಶಾಲೆ, ಹಿಟ್ಟಿನ ಗಿರಣಿಗಳಲ್ಲಿ ಅಂಟಿಸಬೇಕು. ‘ಬದನಿಕಾಯಿ, ಒಂದೇ ತಳಿ, 5. ಉಳ್ಳಾಗಡ್ಡಿ, ಒಂದೇ ಬಣ್ಣ, 5. ಬಿಳಿಜೋಳದ ತೆನೆ, 5. ಒಣಮೆಣಸಿನಕಾಯಿ, ಬ್ಯಾಡಗಿ ಕಡ್ಡಿ, 25. ಹೆಸರುಕಾಳು, ಅರ್ಧ ಕಿಲೊ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಸಾಕು. ಎರಡು ತಿಂಗಳು ಏಕೆಂದರೆ, ಬೆಂಡಿ ಬಿತ್ತಿದ 45-50 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಪಟ್ಟಿ ಕೈಗೆ ಸಿಕ್ಕ ಮೇಲೆ ಬೀಜ ಊರಿದರೂ ಪ್ರದರ್ಶನದ ಹೊತ್ತಿಗೆ ಎಳೆಕಾಯಿ ಕೈಗೆ ಸಿಗಬೇಕು. ಹದಿನೈದು ದಿನ ಮೊದಲು ಕರಪತ್ರ ಹಂಚಿದರೆ ಮನೆಯಲ್ಲಿ ಇದ್ದದ್ದನ್ನು ಎತ್ತಿಕೊಂಡು ಬರುವುದಷ್ಟೇ ಆಗುತ್ತದೆ.

ಬರೆದ ಮೇಲೆ ಅದನ್ನು ಪಾಲಿಸಬೇಕು. ಇಂಗ್ಲೆಂಡಿನ ಹಳ್ಳಿಗಳ ಪ್ರದರ್ಶನಗಳಲ್ಲಿ ಐದು ಕೇಳಿದ ಕಡೆ ಆರು ಇಟ್ಟರೆ ‘ಪಟ್ಟಿಯಂತೆ ಇಲ್ಲ’ ಎಂದು ಚೀಟಿ ಇಟ್ಟು ಮುಂದೆ ಹೋಗುತ್ತಾರೆ, ಕಾಯಿ ಎಷ್ಟೇ ಚೆಂದ ಇರಲಿ. ನಮ್ಮಲ್ಲಿ ಇದು ಕಟುವಾಗಿ ಕಾಣಬಹುದು. ಆದರೆ ಒಬ್ಬರಿಗೆ ಸಡಿಲ ಬಿಟ್ಟರೆ ಎಣಿಸಿ ತಂದ ಇನ್ನೊಬ್ಬರಿಗೆ ಅನ್ಯಾಯವಾದಂತೆ. ನಮ್ಮೂರುಗಳಲ್ಲಿ ಇಟ್ಟುಕೊಳ್ಳಲು 20 ಅಂಕದ ಒಂದು ಲೆಕ್ಕವನ್ನೂ ಸೂಚಿಸುತ್ತೇವೆ: ಒಂದೇ ನಮೂನೆಯಾಗಿರುವುದಕ್ಕೆ 6, ತಾಜಾತನಕ್ಕೆ 5, ಆ ತಳಿಗೆ ತಕ್ಕ ಆಕಾರ-ಬಣ್ಣಕ್ಕೆ 5, ಗಾತ್ರಕ್ಕೆ 4. ಗಾತ್ರಕ್ಕೆ ಕೊನೆಯ ಸ್ಥಾನ ಬೇಕೆಂದೇ ಕೊಟ್ಟಿದ್ದೇವೆ. ನೀರು, ಯೂರಿಯಾ ಹೆಚ್ಚು ಕೊಟ್ಟರೆ ಕಾಯಿ ಉಬ್ಬುತ್ತದೆ. ಐದೂ ಕಾಯಿ ಒಂದೇ ಥರ ಬರಬೇಕಾದರೆ ಗಿಡಕ್ಕೆ ಸರಿಯಾದ ಅಂತರ, ಕಾಲಕಾಲಕ್ಕೆ ನೀರು, ಹುಳದ ಮೇಲೆ ಕಣ್ಣು ಎಲ್ಲವೂ ಇರಬೇಕಾಗುತ್ತದೆ.

ಇಡುವವರಿಗೆ ಕೆಲವು ಮಾತು. ಐದು ಬೇಕಾದರೆ ಹತ್ತು-ಹನ್ನೆರಡು ಕೊಯ್ದುಕೊಂಡು ಬನ್ನಿ. ಬಿಳಿ ಬಟ್ಟೆಯ ಮೇಲೆ ಸಾಲಾಗಿ ಹಾಸಿ ಮೊದಲು ಎಲ್ಲಕ್ಕಿಂತ ದೊಡ್ಡದನ್ನು, ಆಮೇಲೆ ಎಲ್ಲಕ್ಕಿಂತ ಸಣ್ಣದನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಐದನ್ನು ಆರಿಸಬೇಕು. ಮನಸ್ಸು ದೊಡ್ಡದನ್ನು ಬಿಡಲು ಒಪ್ಪುವುದಿಲ್ಲ, ಅಲ್ಲೇ ಅಂಕ ಹೋಗುವುದು. ಕೊಯ್ಲು ನಸುಕಿನಲ್ಲಿ ಆಗಬೇಕು. ಬಿಸಿಲೇರಿದ ಮೇಲೆ ಕೊಯ್ದ ಬದನಿಕಾಯಿ ಮಧ್ಯಾಹ್ನದ ಹೊತ್ತಿಗೆ ಹೊಳಪು ಕಳೆದುಕೊಂಡು ಒತ್ತಿದರೆ ಮೆತ್ತಗಾಗುತ್ತದೆ. ಕೈಯಿಂದ ಜಗ್ಗದೆ ಕತ್ತರಿಯಿಂದ ತೊಟ್ಟು ಸಮೇತ ಕತ್ತರಿಸಬೇಕು. ಟೊಮೆಟೊದ ಹಸಿರು ತೊಟ್ಟು ಕಳಚಿದ್ದರೆ ಅದು ಎಂದಿನ ಕೊಯ್ಲೋ ಹೇಳಲಾಗದು. ಬೂದುಗುಂಬಳದ ಮೇಲಿನ ಬೂದಿಯನ್ನು, ದ್ರಾಕ್ಷಿಯ ಮೇಲಿನ ಪುಡಿಯನ್ನು ಒರೆಸಿ ಹೊಳಪು ತರುವುದು ಬಹಳ ಜನ ಮಾಡುವ ತಪ್ಪು. ಅದು ಕಾಯಿಯದೇ ರಕ್ಷಣೆ, ಬೆರಳಚ್ಚು ಇಲ್ಲದೆ ಉಳಿದಿದ್ದರೆ ಅದಕ್ಕೇ ಅಂಕ. ಬೆಂಡಿಕಾಯಿಯ ತುದಿಯನ್ನು ನೋಡುವವರು ಮುರಿದು ನೋಡುತ್ತಾರೆ. ಪಟ್ಟೆಂದು ಮುರಿಯದೆ ಬಗ್ಗಿದರೆ ಅದು ಬಲಿತದ್ದು, ಉದ್ದ ಎಷ್ಟಿದ್ದರೂ ಉಪಯೋಗವಿಲ್ಲ. ಹಕ್ಕರಕಿ, ಮೆಂತೆ, ಕಿರಕಸಾಲಿಯಂಥ ಪಲ್ಲೆಗಳನ್ನು ಬೇರು ಸಮೇತ ತಂದು, ಮಣ್ಣು ತೊಳೆದು, ಬೇರು ನೀರಿನಲ್ಲಿ ಮುಳುಗುವಂತೆ ಲೋಟದಲ್ಲಿ ನಿಲ್ಲಿಸಬೇಕು. ಎಲೆಯ ಮೇಲೆ ನೀರು ಚಿಮುಕಿಸುತ್ತ ಕೂತರೆ ಸಂಜೆಗೆ ಕೊಳೆ ಹತ್ತುತ್ತದೆ.

ಉಳ್ಳಾಗಡ್ಡಿಗೆ ಅವಸರ ಆಗದು. ಕಿತ್ತ ಮೇಲೆ ಸೊಪ್ಪು ಸಮೇತ ನೆರಳಲ್ಲಿ, ಗಾಳಿಯಾಡುವ ಕಡೆ ಹತ್ತು-ಹದಿನೈದು ದಿನ ಆರಿಸಿ, ಕುತ್ತಿಗೆ ಪೂರ್ತಿ ಒಣಗಿದ ಮೇಲೆ ಒಂದಿಂಚು ಬಿಟ್ಟು ಕತ್ತರಿಸಬೇಕು. ಕುತ್ತಿಗೆ ಹಸಿ ಇರುವಾಗಲೇ ಕತ್ತರಿಸಿದರೆ ಕೊಳೆ ಅಲ್ಲಿಂದಲೇ ಒಳಗಿಳಿಯುತ್ತದೆ, ಮೇಲಿನಿಂದ ಏನೂ ಕಾಣದು, ಹೆಬ್ಬೆರಳಿಂದ ಒತ್ತಿದಾಗ ಗೊತ್ತಾಗುತ್ತದೆ. ಬಣ್ಣ ಎದ್ದು ಕಾಣಲೆಂದು ಸಿಪ್ಪೆಯ ಮೇಲೆ ಸಿಪ್ಪೆ ಸುಲಿಯುವುದೂ ಬೇಡ. ಸಡಿಲವಾಗಿ ಹರಿದ ಒಂದು ಪದರ ತೆಗೆದರೆ ಸಾಕು.

ಒಣಮೆಣಸಿನಕಾಯಿಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕಾಗಿದೆ, ಅದು ಈ ಸೀಮೆಯ ಬೆಳೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ (ಒಂದು ಸೀಮೆಯದೇ ವಿಶಿಷ್ಟ ಉತ್ಪನ್ನ ಎಂಬ ಕಾನೂನಿನ ಗುರುತು) ಮಾನ್ಯತೆ ಸಿಕ್ಕಿತು. ಹಾಗಿದ್ದೂ ಅದೇ ಸೀಮೆಯ ಪ್ರದರ್ಶನದ ತಟ್ಟೆಯಲ್ಲಿ ಕಡ್ಡಿ, ಡಬ್ಬಿ, ಹೈಬ್ರಿಡ್ ಮೂರೂ ಕಲಸಿ ಬಿದ್ದಿರುತ್ತವೆ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ದಪ್ಪ. ಇವೆರಡಕ್ಕೂ ಬೇರೆ ಬೇರೆ ವಿಭಾಗ ಇರಬೇಕು, ನಯವಾದ ಮೈಯ ಹೈಬ್ರಿಡ್‌ಗೆ ಇನ್ನೊಂದು. ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣನ್ನೇ ಬಿಡಿಸಬೇಕು. ಅರೆಗೆಂಪು ಹಣ್ಣು ಬಂದಿದ್ದರೆ ಎರಡು-ಮೂರು ದಿನ ನೆರಳಲ್ಲಿ ಗುಂಪು ಹಾಕಿ ಮುಚ್ಚಿಟ್ಟರೆ ಬಣ್ಣ ಒಂದಾಗುತ್ತದೆ, ಆಮೇಲೆ ಒಣಹಾಕಬೇಕು. ಈ ಹಂತ ಬಿಟ್ಟು ನೇರ ಬಿಸಿಲಿಗೆ ಹಾಕಿದರೆ ಅರೆಗೆಂಪು ಹಣ್ಣು ಹಳದಿ-ಬಿಳಿ ಮಚ್ಚೆಯಾಗಿಯೇ ಒಣಗುತ್ತದೆ. ಬಿಳಿ ಮಚ್ಚೆಗೆ ಇನ್ನೊಂದು ಕಾರಣ ರಾತ್ರಿಯ ಇಬ್ಬನಿ. ಸಂಜೆ ಗುಡ್ಡೆ ಮಾಡಿ ತಾಡಪತ್ರಿ ಮುಚ್ಚಿ, ಮರುದಿನ ಬಿಸಿಲೇರಿದ ಮೇಲೆ ತೆಳ್ಳಗೆ ಹರಡಬೇಕು. ಬರೀ ನೆಲದ ಮೇಲೆ ಒಣಗಿಸಿದ್ದಕ್ಕೆ ಸುಕ್ಕಿನೊಳಗೆ ಎರಿಮಣ್ಣು ಕೂತಿರುತ್ತದೆ, ಎಷ್ಟು ಝಾಡಿಸಿದರೂ ಹೋಗದು.

ಹದ ಬಂದ ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು, ಬಗ್ಗಿಸಿದರೆ ಚೂರಾಗಬಾರದು. ತೇವ ನೂರಕ್ಕೆ ಹತ್ತು-ಹನ್ನೊಂದರ ಸುತ್ತ ಇದ್ದಾಗ ಈ ಗುಣ ಇರುತ್ತದೆ. ಅತಿಯಾಗಿ ಒಣಗಿ ಗಾಡಿಯಲ್ಲಿ ತರುವಾಗ ತೊಟ್ಟು ಮುರಿಯುತ್ತದೆ ಎಂದು ಕೆಲವರು ನೀರು ಹೊಡೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ತೊಟ್ಟಿನ ಬುಡದಲ್ಲಿ ನಿಂತು ಎರಡು-ಮೂರು ದಿನದಲ್ಲಿ ಒಳಗೆ ಬೂಸರು ಬರುತ್ತದೆ. ಕಾಯಿ ಸೀಳಿದಾಗ ಬೀಜದ ಮೇಲೆ ಬೂದು ಬಣ್ಣದ ಜೇಡನ ಬಲೆಯಂತೆ ಕಾಣುವುದು ಅದೇ, ಅಂಥ ಬೂಸರಿನಲ್ಲಿ ಅಫ್ಲಾಟಾಕ್ಸಿನ್ ವಿಷವೂ ಇರಬಹುದು. ಹಿಂದಿನ ರಾತ್ರಿ ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿ ತಂಪಾದ ಕೋಣೆಯಲ್ಲಿ ಇಟ್ಟರೆ ಗಾಳಿಯ ತೇವವೇ ಸಾಕಾಗುತ್ತದೆ. ಎಣ್ಣೆ ಸವರಿ ಹೊಳಪು ತರುವುದೂ ಬೇಡ. ನೋಡುವವರು ಬಿಳಿ ಬಟ್ಟೆಯಿಂದ ಒರೆಸಿ ನೋಡಲಿ, ಎಣ್ಣೆ ಅಥವಾ ಬಣ್ಣ ಹತ್ತಿದರೆ ಆ ತಟ್ಟೆಯನ್ನು ಪಕ್ಕಕ್ಕಿಡಲಿ. ಇನ್ನು ಕಮಿಟಿಯವರು ಈ ತಟ್ಟೆಗಳನ್ನು ಪೆಂಡಾಲಿನ ಅಂಚಿನಲ್ಲಿ ಬಿಸಿಲು ಬೀಳುವ ಕಡೆ ಇಡಬಾರದು. ಬೆಳಕಿಗೆ ಕೆಂಪು ಬಣ್ಣ ಇಳಿಯುತ್ತದೆ, ಬ್ಯಾಡಗಿ ಕಾಯಿಯ ಬೆಲೆ ಇರುವುದೇ ಬಣ್ಣದಲ್ಲಿ.

ಜೋಳದ ತೆನೆಗೆ ಹೆಚ್ಚು ಹೇಳಬೇಕಿಲ್ಲ. ಮಾಲ್ದಂಡಿ ಆಗಲಿ ಬೇರೆ ತಳಿ ಆಗಲಿ, ಐದೂ ತೆನೆಯ ದಂಟು ಒಂದೇ ಅಳತೆಗೆ, ಒಂದು ಗೇಣು ಇರುವಂತೆ ಕತ್ತರಿಸಿ, ಕಾಡಿಗೆ ರೋಗ ಹತ್ತಿ ಕಪ್ಪಾದ ಒಂದು ಕಾಳೂ ಇಲ್ಲದ್ದನ್ನು ಆರಿಸಿದರಾಯಿತು. ಕಷ್ಟ ಇರುವುದು ಬೇಳೆಕಾಳಿನಲ್ಲಿ. ಹೆಸರು, ಅಲಸಂದಿ, ಕಡಲೆ ಇಟ್ಟ ದಿನ ಕನ್ನಡಿಯಂತೆ ಹೊಳೆಯುತ್ತಿದ್ದು ಮೂರನೆಯ ದಿನ ತಟ್ಟೆಯಲ್ಲಿ ಕಾಳಿಗೊಂದು ದುಂಡನೆಯ ತೂತು, ಸುತ್ತ ಹಿಟ್ಟು, ಮೇಲೆ ಓಡಾಡುವ ಕಂದು ಹುಳ. ಇಟ್ಟವರು ಪ್ರದರ್ಶನದ ಜಾಗಕ್ಕೆ ಬೈಯುತ್ತಾರೆ. ನಿಜದಲ್ಲಿ ಆ ಹುಳ ಹಲವು ವಾರ ಮೊದಲೇ ಕಾಳಿನ ಒಳಗೆ ಸೇರಿರುತ್ತದೆ. ಹೊಲದಲ್ಲಿ ಕಾಯಿಯ ಮೇಲೋ, ಚೀಲದಲ್ಲಿ ಕಾಳಿನ ಮೇಲೋ ತಾಯಿಹುಳ ಮೊಟ್ಟೆ ಇಟ್ಟಿರುತ್ತದೆ. ಮರಿ ಸೀದಾ ಕಾಳು ಕೊರೆದು ಒಳಗಿಳಿದು, ಅಲ್ಲೇ ಬೆಳೆದು, ತೂತು ಮಾಡಿಕೊಂಡು ಹೊರಬರುತ್ತದೆ. ಆದ್ದರಿಂದ ಆರಿಸುವಾಗ ಕಾಳನ್ನು ಬೆಳಕಿಗೆ ಹಿಡಿದು ನೋಡಿ: ಸಾಸಿವೆಗಿಂತ ಸಣ್ಣ, ಅಂಟಿಕೊಂಡ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ಅಂಥ ಕಾಳು ಹೆಚ್ಚಿದ್ದರೆ ಆ ಚೀಲವನ್ನೇ ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಬೇಕು. ಹಲ್ಲಲ್ಲಿ ಕಚ್ಚಿದರೆ ಕಟ್ಟೆಂದು ಒಡೆಯುವಷ್ಟು ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ಬೂದಿ, ಬೇವಿನ ಎಲೆ ಹಾಕಿ ಕಾದಿಟ್ಟ ಕಾಳಾದರೆ ತರುವ ಮೊದಲು ಮರದಲ್ಲಿ ಕೇರಿ, ಒಣಬಟ್ಟೆಯಲ್ಲಿ ತಿಕ್ಕಿ ತನ್ನಿ.

ಕೈಕೆಲಸದ ವಿಭಾಗಕ್ಕೆ ಬಂದರೆ, ಅಲ್ಲಿ ಆಗುವ ಅನ್ಯಾಯ ಇನ್ನೂ ದೊಡ್ಡದು. ಕಸೂತಿಯನ್ನೇ ತೆಗೆದುಕೊಳ್ಳಿ. ಗಾಜಿನ ಫ್ರೇಮಿನಲ್ಲಿ, ಹಿಂದೆ ರಟ್ಟು ಅಂಟಿಸಿ ತಂದ ತುಣುಕಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಬೇಕು. ಕಸೂತಿಯ ಪರೀಕ್ಷೆ ಆಗುವುದು ಬಟ್ಟೆಯ ಹಿಂಬದಿಯಲ್ಲಿ. ಗವಂತಿ ಮತ್ತು ಮುರಗಿ ಹೊಲಿಗೆಗಳು ಎರಡೂ ಬದಿ ಒಂದೇ ಥರ ಕಾಣಬೇಕು. ನೇಗಿ, ಮೆಂತಿ ಹೊಲಿಗೆಗಳಲ್ಲಿ ಹಿಂಬದಿ ಬೇರೆಯಾಗುತ್ತದೆ, ಅದು ದೋಷವಲ್ಲ. ಈ ವ್ಯತ್ಯಾಸ ತಿಳಿಯದವರು ನೋಡಲು ಕೂತರೆ ಮೆಂತಿಯ ಹಿಂಬದಿಗೆ ಅಂಕ ಕಡಿದು, ಗಂಟು ಹಾಕಿದ ಗವಂತಿಗೆ ಪೂರ್ತಿ ಅಂಕ ಕೊಡುತ್ತಾರೆ.

ಗವಂತಿ ಹೇಗೆ ಕೆಡುತ್ತದೆ ಎಂದು ಹೇಳುತ್ತೇವೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬರುವಾಗ ಖಾಲಿ ಬಿಟ್ಟ ಜಾಗ ತುಂಬುತ್ತ ಬರುವುದು ಕ್ರಮ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು, ಪೆನ್ಸಿಲಿನ ಗುರುತು ಇರಬಾರದು. ನಾಲ್ಕು ಎಳೆಯ ಹೊಲಿಗೆಯಲ್ಲಿ ಎಲ್ಲೋ ಒಂದು ಕಡೆ ಐದು ಎಳೆ ಬಿದ್ದರೆ ಆಗ ಏನೂ ಅನಿಸುವುದಿಲ್ಲ. ಗೋಪುರದ ಚಿತ್ತಾರದಲ್ಲಿ ಇನ್ನೊಂದು ಮಗ್ಗುಲು ಇಳಿದು ಬಂದು ಬುಡ ಕೂಡುವಾಗ ಒಂದೆಳೆ ದೂರ ಉಳಿಯುತ್ತದೆ, ಅಲ್ಲಿ ಓರೆ ಹೊಲಿಗೆ ಹಾಕಿ ಮುಚ್ಚುತ್ತಾರೆ. ನೋಡುವವರು ಗೋಪುರದ ಬುಡ, ತುಳಸಿ ಕಟ್ಟೆಯ ಮೂಲೆ, ಆನೆಯ ಕಾಲು, ಈ ಕೂಡುವ ಜಾಗಗಳನ್ನು ಮೊದಲು ನೋಡಬೇಕು. ಎರಡನೆಯ ದೋಷ, ಮರಳಿ ಬರುವಾಗ ಸೂಜಿ ಮೊದಲಿನ ಹೊಲಿಗೆಯ ದಾರವನ್ನೇ ಸೀಳಿಕೊಂಡು ಹೋಗುವುದು. ಮೊಂಡು ತುದಿಯ ಸೂಜಿ ಬಳಸಿದರೆ, ಪ್ರತಿಸಲ ಮೊದಲ ದಾರದ ಒಂದೇ ಮಗ್ಗುಲಿನಿಂದ ಏರಿ ಇನ್ನೊಂದೇ ಮಗ್ಗುಲಿಗೆ ಇಳಿದರೆ ಗೆರೆ ನೆಟ್ಟಗಿರುತ್ತದೆ. ಗಂಟು ಹಾಕದೆ ಎರಡಿಂಚು ದಾರ ಬಿಟ್ಟು ಶುರು ಮಾಡಿ, ಕೊನೆಗೆ ಅದನ್ನು ಹೊಲಿಗೆಯೊಳಗೇ ಸೇರಿಸಬೇಕು. ದಾರ ಒಂದು ಮೊಳಕ್ಕಿಂತ ಉದ್ದ ತೆಗೆದುಕೊಂಡರೆ ಬಟ್ಟೆಯಲ್ಲಿ ಸವೆದು ಕೊನೆಯ ಭಾಗ ನವಿರೆದ್ದು ಮಂಕಾಗುತ್ತದೆ.

ಕೆಂಪು ದಾರ ಬಣ್ಣ ಬಿಡುತ್ತದೆಯೋ ಎಂದು ಮೊದಲೇ ನೋಡಿಕೊಳ್ಳಬೇಕು: ಒದ್ದೆ ಬಿಳಿಬಟ್ಟೆಯ ನಡುವೆ ದಾರ ಇಟ್ಟು ಇಸ್ತ್ರಿ ಒತ್ತಿದರೆ ಗೊತ್ತಾಗುತ್ತದೆ. ಮುಗಿದ ಕೆಲಸಕ್ಕೆ ದಪ್ಪ ಟವೆಲ್ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಬೇಕು, ಮುಂಬದಿಯಿಂದ ಒತ್ತಿದರೆ ಹೊಲಿಗೆ ಚಪ್ಪಟೆಯಾಗುತ್ತದೆ. ಕಸೂತಿಗೆ ಭೌಗೋಳಿಕ ಸೂಚಿ ಇದೆ, ಅಂಗಡಿಗಳ ತುಂಬ ಮಷಿನ್ ಹೊಲಿಗೆಯ ‘ಕಸೂತಿ ಸೀರೆ’ಯೂ ಇದೆ. ಮಷಿನ್ನಿನದಾದರೆ ಹಿಂಬದಿಯಲ್ಲಿ ಬೇರೆ ಬಣ್ಣದ ಅಥವಾ ಬಿಳಿಯ ಬಾಬಿನ್ ದಾರ ಕಾಣುತ್ತದೆ. ಹೀಗಾಗಿ ‘ಎರಡೂ ಬದಿ ಕಾಣುವಂತೆ, ಫ್ರೇಮ್ ಇಲ್ಲದೆ ಇಡಬೇಕು’ ಎಂಬ ಒಂದು ಸಾಲು ಪಟ್ಟಿಯಲ್ಲಿ ಇದ್ದರೆ ಅರ್ಧ ಜಗಳ ತಪ್ಪುತ್ತದೆ.

ಹಳೆಬಟ್ಟೆಯ ಪದರ ಸೇರಿಸಿ ಹೊಲಿದ ಕೌದಿಯನ್ನು ಮಡಿಚಿ ಮೇಜಿನ ಮೇಲೆ ಇಟ್ಟರೆ ಏನೂ ತಿಳಿಯುವುದಿಲ್ಲ, ಹಗ್ಗಕ್ಕೆ ಹಾಕಿ ಇಳಿಬಿಡಬೇಕು. ಒಳಗಿನ ಹಳೆಸೀರೆಗಳನ್ನು ಬಿಗಿಯಾಗಿ ಎಳೆದು ಟಾಕಿ (ಪದರ ಜರುಗದಂತೆ ಮೊದಲು ಹಾಕುವ ದೊಡ್ಡ ಹೊಲಿಗೆ) ಹಾಕದೆ ಹೊಲಿದಿದ್ದರೆ ತೂಗಿದಾಗ ಕೆಳಗೆ ಗುಡ್ಡೆಯಾಗಿ ಜೋತು ಬೀಳುತ್ತದೆ. ನಾಲ್ಕೂ ಅಂಚು ನೇರವಾಗಿ ಇಳಿದಿವೆಯೇ, ಹೊಲಿಗೆಯ ಸಾಲುಗಳ ನಡುವಿನ ಅಂತರ ಮಧ್ಯದಲ್ಲೂ ಅಂಚಿನಲ್ಲೂ ಒಂದೇ ಇದೆಯೇ ಎಂದು ನೋಡಿದರೆ ಸಾಕು. ನವಲಗುಂದದ ಜಮಖಾನದಂಥ ನೇಯ್ಗೆಯನ್ನು, ಹಾವೇರಿಯ ಏಲಕ್ಕಿ ಹಾರವನ್ನು ಜೀವನೋಪಾಯಕ್ಕೆ ಮಾಡುವವರು ತಂದಾಗ ಅವರಿಗೆ ಪ್ರತ್ಯೇಕ ವಿಭಾಗ ಇರಲಿ. ಮನೆಮಟ್ಟಿಗೆ ಕಲಿತವರ ಜೊತೆ ಸ್ಪರ್ಧೆಗಿಟ್ಟರೆ ಇಬ್ಬರಿಗೂ ಮರ್ಯಾದೆಯಲ್ಲ.

ಮಕ್ಕಳಿಗೆ ಚಿತ್ರಕಲೆಯ ಸ್ಪರ್ಧೆ ಒಂದನ್ನೇ ಇಡುವ ಬದಲು ಮಣ್ಣೆತ್ತುಗಳ ವಿಭಾಗ ಇಡಬಹುದು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿ ರೂಢಿ ಇರುವ ಮಕ್ಕಳು ಇನ್ನೂ ಇದ್ದಾರೆ. ಬರೀ ಎರಿಮಣ್ಣಿನಲ್ಲಿ ಮಾಡಿದ ಎತ್ತು ಒಣಗುವಾಗ ಬಹಳ ಕುಗ್ಗಿ ಕುತ್ತಿಗೆ, ಕಾಲಿನ ಸಂದುಗಳಲ್ಲಿ ಸೀಳುತ್ತದೆ. ಮಣ್ಣನ್ನು ಹಿಂದಿನ ದಿನ ನೆನೆಹಾಕಿ, ಜರಡಿ ಹಿಡಿದ ಮರಳು ನಾಲ್ಕಕ್ಕೆ ಒಂದು ಪಾಲು, ಒಂದಿಷ್ಟು ಬಿಡಿಸಿದ ಹತ್ತಿ ಸೇರಿಸಿ ನಾದಬೇಕು. ಕಾಲು, ಕೋಡು ಅಂಟಿಸುವಾಗ ಎರಡೂ ಕಡೆ ಗೀರಿ ಮಣ್ಣಿನ ರಾಡಿ ಹಚ್ಚಬೇಕು. ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ನಿಧಾನಕ್ಕೆ ಆರಿಸಿದರೆ ಉಳಿಯುತ್ತದೆ, ಬಿಸಿಲಿಗಿಟ್ಟರೆ ಸಂಜೆಯೊಳಗೆ ಕೋಡು ಕೈಗೆ ಬರುತ್ತದೆ.

ತಿನಿಸಿನ ವಿಭಾಗದಲ್ಲಿ ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಮೂರಂತೂ ಇರಲೇಬೇಕು. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ. ಕುದಿನೀರು ಬಿದ್ದಾಗ ಪಿಷ್ಟ ಬೆಂದು ಬರುವ ಜಿಗಿಯೇ ಅದರ ಬಲ. ನೀರು ಕುದಿಯದಿದ್ದರೆ, ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ರೊಟ್ಟಿಯ ಅಂಚು ಬಿರಿಯುತ್ತದೆ. ಕಟಕ ರೊಟ್ಟಿಯನ್ನು ಬಿಸಿ ಇರುವಾಗಲೇ ಕವರಿನಲ್ಲಿ ಕಟ್ಟಿದರೆ ಬೆವೆತು ಮೆತ್ತಗಾಗುತ್ತದೆ. ಅಗಸಿ, ಗುರೆಳ್ಳು ಪುಡಿಗಳನ್ನು ತಿಂಗಳ ಹಿಂದೆ ಮಾಡಿಡಬೇಡಿ. ಅವುಗಳ ಎಣ್ಣೆ ಬೇಗ ಕಮಟುತ್ತದೆ, ಮುಚ್ಚಳ ತೆಗೆದ ಕೂಡಲೇ ವಾಸನೆ ಹೇಳಿಬಿಡುತ್ತದೆ. ಪ್ರದರ್ಶನದ ಹಿಂದಿನ ಎರಡು-ಮೂರು ದಿನದಲ್ಲಿ ಮಾಡಿ, ಪೂರ್ತಿ ಆರಿದ ಮೇಲೆ ತುಂಬಬೇಕು. ಉಪ್ಪಿನಕಾಯಿಯ ಹೋಳು ಎಣ್ಣೆ ಅಥವಾ ರಸದಲ್ಲಿ ಮುಳುಗಿರಬೇಕು, ಮೇಲೆ ತೇಲಿದ ಹೋಳಿಗೇ ಮೊದಲು ಬೂಸರು. ಎಲ್ಲರದೂ ಒಂದೇ ಅಳತೆಯ ಬಣ್ಣವಿಲ್ಲದ ಗಾಜಿನ ಬಾಟಲಿಯಾಗಿರಲಿ, ಕಂಪನಿಯ ಹೆಸರಿನ ಮುಚ್ಚಳ ಬೇಡ, ಚೀಟಿಯಲ್ಲಿ ಪದಾರ್ಥ ಮತ್ತು ಮಾಡಿದ ದಿನಾಂಕ ಮಾತ್ರ ಇರಲಿ.

ಹೆಸರಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ತಟ್ಟೆಯ ಮುಂದೆ ಇಟ್ಟವರ ಹೆಸರು, ಮನೆತನ, ಓಣಿ ಬರೆದಿಟ್ಟರೆ ನೋಡುವವರ ಕಣ್ಣು ಕಾಯಿಯ ಮೇಲೆ ನಿಲ್ಲುವುದಿಲ್ಲ. ನಂಬರ್ ಚೀಟಿ ಮಾತ್ರ ಇರಲಿ, ಹೆಸರಿನ ಪುಸ್ತಕ ಕಮಿಟಿಯ ಒಬ್ಬರ ಬಳಿ ಇರಲಿ, ಫಲಿತಾಂಶ ಬರೆದಾದ ಮೇಲೆ ಹೆಸರಿನ ಕಾರ್ಡ್ ಇಡಲಿ. ನೋಡುವವರಲ್ಲಿ ಒಬ್ಬರಾದರೂ ಹೊರಊರಿನವರಿರಬೇಕು, ಕೈಕೆಲಸಕ್ಕೆ ಸ್ವತಃ ಸೂಜಿ ಹಿಡಿಯಬಲ್ಲ ಹೆಣ್ಣುಮಗಳು ಇರಲೇಬೇಕು. ಬೆಳಿಗ್ಗೆ 8ರೊಳಗೆ ಎಲ್ಲ ಇಟ್ಟಾಗಿ, 10ರೊಳಗೆ ತೀರ್ಪು ಮುಗಿದು, ಆಮೇಲೆ ಉದ್ಘಾಟನೆ ಆಗಲಿ. ಈಗ ಆಗುತ್ತಿರುವುದು ಉಲ್ಟಾ. ಗಣ್ಯರು ಬರುವ ತನಕ ತಗಡಿನ ಚಪ್ಪರದ ಕೆಳಗೆ ಕಾಯಿಪಲ್ಲೆ ಕಾಯುತ್ತದೆ, ಅವರು ದೀಪ ಹಚ್ಚಿ ಮಾತಾಡಿ ಹೋಗುವ ಹೊತ್ತಿಗೆ ಸೊಪ್ಪು ಬಾಡಿರುತ್ತದೆ, ಬಾಡಿದ್ದಕ್ಕೆ ಅಂಕ ಕಡಿಯುತ್ತಾರೆ.

ಕೊನೆಯದಾಗಿ, ಬಹುಮಾನ ಸಿಗದ ಪ್ರತಿ ತಟ್ಟೆಯ ಮುಂದೆ ಒಂದು ಸಾಲಿನ ಚೀಟಿ ಇಡುವ ಪದ್ಧತಿ ಶುರುವಾಗಲಿ: ‘ಎರಡು ಕಾಯಿ ದೊಡ್ಡವು’, ‘ಕುತ್ತಿಗೆ ಹಸಿ’, ‘ಹಿಂಬದಿಯಲ್ಲಿ ಗಂಟು’. ಇದಕ್ಕೆ ಖರ್ಚಿಲ್ಲ, ತಟ್ಟೆಗೆ ಅರ್ಧ ನಿಮಿಷ ಸಾಕು. ಮುಂದಿನ ಜಾತ್ರೆಗೆ ಈಗಲೇ ಸಭೆ ಸೇರುತ್ತಿರುವ ಕಮಿಟಿಗಳು ಪಟ್ಟಿ ಸಿದ್ಧ ಮಾಡುವಾಗ ಊರಿನ ಇಬ್ಬರು ಬೆಳೆಗಾರರನ್ನು, ಇಬ್ಬರು ಕಸೂತಿ-ಕೌದಿ ಬಲ್ಲ ಹೆಣ್ಣುಮಕ್ಕಳನ್ನು ಜೊತೆಗೆ ಕೂಡಿಸಿಕೊಳ್ಳಬೇಕೆಂದು ವಿನಂತಿ.

– ಗ್ರಾಮ ಪ್ರದರ್ಶನಗಳಲ್ಲಿ ಪರೀಕ್ಷಕರಾಗಿ ಕೂರುವ ಇಬ್ಬರು ಓದುಗರು, ಧಾರವಾಡ